ಹಿತ್ತಲ ಹೂವು ಮನೆಯೊಳಗೆ ನಾಲ್ಕು ದಿನ ಹೆಚ್ಚು ಬಾಳಬೇಕೆಂದರೆ

ನಮ್ಮದು ಕೊಟ್ಟೂರು ಕಡೆಯ ಒಣಬೇಸಾಯ. ಕೆಂಪು ಮಸಾರಿ ನಾಲ್ಕು ಎಕರೆ, ಎರೆ ಒಂದೂವರೆ ಎಕರೆ. ಸಜ್ಜೆ, ನವಣೆ, ಶೇಂಗಾ, ಸೂರ್ಯಕಾಂತಿ ಬಿತ್ತುತ್ತೇವೆ. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಮೇವು. ಇಂಥವನು ಹೂವಿನ ಬಗ್ಗೆ ಯಾಕೆ ಬರೆಯುತ್ತಾನೆ ಎಂದು ಓದುಗರಿಗೆ ಅನಿಸಬಹುದು. ನನಗೂ ಮೊದಲು ಹಂಗೇ ಅನಿಸಿತ್ತು. ಹೂವು ಅಂದರೆ ಹೆಣ್ಣುಮಕ್ಕಳ ಕೆಲಸ, ನಾವು ಹಬ್ಬಕ್ಕೆ ದುಡ್ಡು ಕೊಟ್ಟರೆ ಮುಗೀತು ಎಂದುಕೊಂಡವನು ನಾನು.

ಆದರೆ ನಮ್ಮ ಸೀಮೆಗೂ ಹೂವಿಗೂ ನಂಟು ಹಳೆಯದು. ಪಕ್ಕದ ತಾಲ್ಲೂಕಿನ ಹೆಸರೇ ಹೂವಿನಹಡಗಲಿ. ವಿಜಯನಗರದ ಅರಸರ ಕಾಲದಲ್ಲಿ ಅಲ್ಲಿಂದ ಹಂಪಿಗೆ ತುಂಗಭದ್ರೆಯ ಮೇಲೆ ಹೂವು ಹೋಗುತ್ತಿತ್ತು ಎಂದು ಹಿರಿಯರು ಹೇಳುತ್ತಾರೆ. 1443ರಲ್ಲಿ ಪರ್ಷಿಯಾ ಕಡೆಯಿಂದ ವಿಜಯನಗರಕ್ಕೆ ಬಂದಿದ್ದ ಅಬ್ದುರ್ ರಜಾಕ್ ಎಂಬಾತ, ಈ ಊರಿನ ಜನಕ್ಕೆ ಗುಲಾಬಿ ಇಲ್ಲದೆ ನಡೆಯುವುದಿಲ್ಲ, ಊಟದಷ್ಟೇ ಅದೂ ಬೇಕು ಎಂಬ ಅರ್ಥದಲ್ಲಿ ಬರೆದಿಟ್ಟಿದ್ದಾನೆ. ಹಡಗಲಿ ಮಲ್ಲಿಗೆಗೆ 2000ದ ದಶಕದಲ್ಲಿ ಜಿಐ ಗುರುತೂ ಸಿಕ್ಕಿತು. 2021ರಲ್ಲಿ ಹೊಸಪೇಟೆ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೇರಿ ನಮ್ಮದೇ ವಿಜಯನಗರ ಜಿಲ್ಲೆ ಆಯಿತು. ಇಷ್ಟೆಲ್ಲಾ ಇದ್ದರೂ ಕೊಯ್ದ ಹೂವನ್ನು ಮನೆಯಲ್ಲಿ ಎರಡು ದಿನ ಉಳಿಸಿಕೊಳ್ಳುವುದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ನಾನು ಕಲಿತದ್ದು ಅವ್ವನ ದೆಸೆಯಿಂದ.

ಅವ್ವನ ತಲೆದಿಂಬಿನ ತಂಬಿಗೆ

ನಮ್ಮ ಹಿತ್ತಲು ಎರಡು ಗುಂಟೆಯಷ್ಟು. ಬಚ್ಚಲ ನೀರು ಹರಿದುಹೋಗುವ ಜಾಗ. ಅದರಲ್ಲಿ ಅವ್ವ ನಲವತ್ತು ವರ್ಷ ಹೂವು ಬೆಳೆದಳು. ಒಂದು ಮಲ್ಲಿಗೆ ಗಿಡ, ಎರಡು ಗುಲಾಬಿ, ಒಂದು ಮಡಿ ಸುಗಂಧರಾಜ, ಒಂದಿಷ್ಟು ಸೇವಂತಿಗೆ, ಕನಕಾಂಬರ, ಬೇಲಿಗೆ ಕಣಗಲೆ. 2019ರ ಆಷಾಢದಲ್ಲಿ ಬಚ್ಚಲಲ್ಲಿ ಕಾಲು ಜಾರಿ ಬಿದ್ದು ಆಕೆಯ ಸೊಂಟದ ಎಲುಬು ಮುರೀತು. ಆಮೇಲೆ ಹಾಸಿಗೆ ಬಿಟ್ಟು ಏಳಲಿಲ್ಲ.

ಹಿತ್ತಲಿಗೂ ಆಕೆ ಮಲಗಿದ್ದ ಕೋಣೆಗೂ ಇಪ್ಪತ್ತು ಹೆಜ್ಜೆ. ಆದರೆ ಆ ಇಪ್ಪತ್ತು ಹೆಜ್ಜೆ ಆಕೆಗೆ ದಾಟಲಾಗಲಿಲ್ಲ. ಊಟ ಬೇಡ ಅನ್ನುವಳು, ಮಾತು ಬೇಡ ಅನ್ನುವಳು. ಒಂದು ದಿನ ಮಾತ್ರ ಕೇಳಿದಳು: “ಯಪ್ಪಾ, ಸೇವಂತಿಗಿ ಬಿಟ್ಟಾವೇನು?”

ನಾನು ಹೊಲದಿಂದ ಬಂದವನು ನಡುಮಧ್ಯಾಹ್ನ ಕುಡುಗೋಲಿನಿಂದ ಒಂದು ಹಿಡಿ ಸೇವಂತಿಗೆ ಕೊಯ್ದೆ. ಬೋರಿನ ನೀರು ತುಂಬಿದ ತಂಬಿಗೆಯಲ್ಲಿ ಎಲೆ ಸಮೇತ ತುರುಕಿ ಆಕೆಯ ತಲೆದಿಂಬಿನ ಹತ್ತಿರ, ಕಿಟಕಿಯಲ್ಲಿ ಇಟ್ಟೆ. ಸಂಜೆಗೆ ಎಲ್ಲಾ ತಲೆ ಬಾಗಿಸಿದವು. ಮಾರನೆ ದಿನ ಎಲೆ ಕಪ್ಪಾಗಿ ನೀರು ನಾತ ಹೊಡೆಯಿತು. ಅವ್ವ ನಕ್ಕು, “ನೀ ಹೂವು ತಂದಿಲ್ಲೋ ಯಪ್ಪಾ, ಮೇವು ತಂದೀದಿ” ಅಂದಳು. ಬಿದ್ದ ಮೇಲೆ ಆಕೆ ಮೊದಲ ಸಲ ನಕ್ಕದ್ದು ಅವತ್ತು.

ಅಲ್ಲಿಂದ ಹತ್ತು ತಿಂಗಳು ದಿನಾ ಹೂವು ತಂದಿಟ್ಟೆ. ಆಕೆ ಮಲಗಿದಲ್ಲಿಂದಲೇ ತಪ್ಪು ತಿದ್ದುತ್ತಿದ್ದಳು. ಆಕೆಗೆ ಗೊತ್ತಿದ್ದದ್ದು ರೂಢಿ. ಯಾಕೆ ಹಂಗೆ ಅನ್ನುವುದನ್ನು ತೋಟಗಾರಿಕೆ ಇಲಾಖೆಯ ಒಬ್ಬರನ್ನು ಕೇಳಿ, ಪುಸ್ತಕ ಓದಿ, ಮಾಡಿ ನೋಡಿ ತಿಳಿದುಕೊಂಡೆ. ಏಳನೇ ಕ್ಲಾಸು ಓದಿದವನಿಗೆ ಅರ್ಥವಾದ ಹಾಗೆ ಬರೆಯುತ್ತಿದ್ದೇನೆ.

ಕೊಯ್ದ ಹೂವಿಗೆ ಏನಾಗುತ್ತದೆ?

ಗಿಡದ ದಂಟಿನೊಳಗೆ ಕೂದಲಿಗಿಂತ ಸಣ್ಣ ಕೊಳವೆಗಳು ಇರುತ್ತವೆ. ಬೇರು ಹೀರಿದ ನೀರು ಈ ಕೊಳವೆಯಲ್ಲಿ ಮೇಲಕ್ಕೆ ಹೋಗುತ್ತದೆ. ಎಲೆ, ಹೂದಳಗಳು ನೀರನ್ನು ಆವಿ ಮಾಡಿ ಬಿಡುತ್ತಾ ಇರುತ್ತವೆ, ಅದರ ಸೆಳೆತಕ್ಕೇ ಕೆಳಗಿನ ನೀರು ಮೇಲೆ ಏರುವುದು. ದಂಟು ಕತ್ತರಿಸಿದ ಕೂಡಲೇ ಬೇರಿನ ಸಂಬಂಧ ತಪ್ಪಿತು. ಆದರೆ ಆವಿ ಹೋಗುವುದು ನಿಲ್ಲುವುದಿಲ್ಲ. ಖರ್ಚು ನಡೆದೇ ಇದೆ, ಆದಾಯ ನಿಂತಿತು ಎಂದಂತೆ.

ಬಾಡುವುದಕ್ಕೆ ನಾಲ್ಕು ಕಾರಣ.

ಒಂದು, ಗಾಳಿ. ಕತ್ತರಿಸಿದ ಬಾಯಿಂದ ಕೊಳವೆಯೊಳಗೆ ಗಾಳಿ ಸೇರುತ್ತದೆ. ಪಂಪಿನ ಪೈಪಿನಲ್ಲಿ ಗಾಳಿ ಹಿಡಿದರೆ ನೀರು ಏರುವುದಿಲ್ಲವಲ್ಲ, ಅದೇ ಕಥೆ. ತಂಬಿಗೆ ತುಂಬಾ ನೀರಿದ್ದರೂ ಹೂವಿಗೆ ಕುಡಿಯಲು ಆಗುವುದಿಲ್ಲ.

ಎರಡು, ಕೊಳೆತ. ನೀರಿನೊಳಗೆ ಮುಳುಗಿದ ಎಲೆ ಕೊಳೆತು ಸೂಕ್ಷ್ಮಜೀವಿ ಹೆಚ್ಚುತ್ತವೆ. ಅವು ಲೋಳೆಯಾಗಿ ದಂಟಿನ ಬಾಯಿ ಮುಚ್ಚುತ್ತವೆ.

ಮೂರು, ಹಸಿವು. ಹೂವು ಕೊಯ್ದ ಮೇಲೂ ಉಸಿರಾಡುತ್ತದೆ, ದಂಟಿನಲ್ಲಿದ್ದ ಸಕ್ಕರೆ ಅಂಶ ಕರಗುತ್ತಾ ಹೋಗುತ್ತದೆ. ಬಿಸಿ 10 ಡಿಗ್ರಿ ಏರಿದರೆ ಈ ಉಸಿರಾಟ ಎರಡು ಮೂರು ಪಟ್ಟು ಆಗುತ್ತದೆ. ನಮ್ಮ ಬೇಸಿಗೆಯ 40 ಡಿಗ್ರಿಯಲ್ಲಿ ಹೂವು ಬೇಗ ಮುದಿಯಾಗುವುದು ಇದಕ್ಕೇ.

ನಾಲ್ಕು, ಹಣ್ಣಿನ ಗಾಳಿ. ಮಾಗುತ್ತಿರುವ ಬಾಳೆ, ಮಾವು, ಪೇರಲದಿಂದ ಎಥಿಲೀನ್ ಎಂಬ ಅನಿಲ ಬರುತ್ತದೆ. ಕಟ್ಟಿಗೆ ಒಲೆಯ ಹೊಗೆಯಲ್ಲೂ ಅದು ಇರುತ್ತದೆ. ಇದು ಬಹಳ ಹೂವುಗಳನ್ನು ಬೇಗ ಬಾಡಿಸುತ್ತದೆ, ಮೊಗ್ಗು ಉದುರಿಸುತ್ತದೆ. ಸೇವಂತಿಗೆ ತಕ್ಕಮಟ್ಟಿಗೆ ತಡೆದುಕೊಳ್ಳುತ್ತದೆ, ಎಲ್ಲಾ ಹೂವೂ ತಡೆಯುವುದಿಲ್ಲ. ಪೂಜೆ ಬುಟ್ಟಿಯಲ್ಲಿ ಬಾಳೆಹಣ್ಣು, ಹೂವು ಒಟ್ಟಿಗೆ ಮುಚ್ಚಿ ಇಡುವುದು ತಪ್ಪು ಎಂದು ಇದರಿಂದ ತಿಳಿಯುತ್ತದೆ.

ಇನ್ನು ಮುಂದೆ ಹೇಳುವ ಉಪಾಯವೆಲ್ಲಾ ಈ ನಾಲ್ಕಕ್ಕೆ ಮದ್ದು.

ಕೊಯ್ಯುವ ಹೊತ್ತು

ಹೊತ್ತು ಹುಟ್ಟುವ ಮುಂಚೆ ಕೊಯ್ಯಬೇಕು. ರಾತ್ರಿಯೆಲ್ಲಾ ಗಿಡ ನೀರು ತುಂಬಿಕೊಂಡಿರುತ್ತದೆ, ದಂಟು ಗಟ್ಟಿಯಾಗಿ ನಿಂತಿರುತ್ತದೆ. ಬೆಳಿಗ್ಗೆ ಆಗದಿದ್ದರೆ ಹೊತ್ತು ಮುಳುಗಿದ ಮೇಲೆ. ಹಗಲೆಲ್ಲಾ ಗಿಡ ಮಾಡಿಕೊಂಡ ಸಕ್ಕರೆ ಆಗ ದಂಟಿನಲ್ಲಿ ಇರುತ್ತದೆ, ಅದೂ ಒಳ್ಳೆಯದೇ. ನಡುಮಧ್ಯಾಹ್ನ ಮಾತ್ರ ಯಾವ ಕಾರಣಕ್ಕೂ ಬೇಡ. “ಬಾಯಾರಿದ ಎತ್ತು ಹೂಡಬಾರದು, ಬಾಯಾರಿದ ಹೂವು ಕೊಯ್ಯಬಾರದು” ಎಂದು ಅವ್ವ ಅನ್ನುತ್ತಿದ್ದಳು. ನಾಳೆ ಹೂವು ಬೇಕೆಂದರೆ ಇವತ್ತು ಸಂಜೆ ಗಿಡದ ಬುಡಕ್ಕೆ ಎರಡು ಕೊಡ ಬಚ್ಚಲ ನೀರು ಹಾಕಿಬಿಡಿ.

ಕೊಯ್ಯುವ ರೀತಿ

1. ಹೂವಿನ ಹತ್ತಿರಕ್ಕೆ ನೀರಿನ ಬಕೆಟ್ ತಗೊಂಡು ಹೋಗಿ. ಹೂವು ಕೊಯ್ದು ತಂದು ಆಮೇಲೆ ನೀರು ಹುಡುಕಬೇಡಿ. ಒಂದೊಂದು ಕಡ್ಡಿ ಕೊಯ್ದ ಹಾಗೆ ನೀರಿಗೆ ಇಳಿಬಿಡಿ.

2. ಹರಿತವಾದ ಚಾಕು ಅಥವಾ ಕತ್ತರಿ ಇರಲಿ. ಕುಡುಗೋಲು, ಕೈಯಲ್ಲಿ ಮುರಿಯುವುದು ಬೇಡ. ಮೊಂಡ ಹತಾರದಿಂದ ದಂಟಿನ ಬಾಯಿ ಜಜ್ಜಿಹೋಗುತ್ತದೆ.

3. ಮನೆಗೆ ತಂದ ಮೇಲೆ ಇನ್ನೊಮ್ಮೆ ಕತ್ತರಿಸಬೇಕು. ಅಗಲವಾದ ಪಾತ್ರೆಯಲ್ಲಿ ನೀರು ಹಾಕಿ, ದಂಟಿನ ತುದಿ ನೀರೊಳಗೆ ಮುಳುಗಿಸಿ, ನೀರೊಳಗೇ ಒಂದು ಅಂಗುಲ ಓರೆಯಾಗಿ ಕತ್ತರಿಸಿ. ನೀರೊಳಗೆ ಕತ್ತರಿಸಿದರೆ ಕೊಳವೆಗೆ ಗಾಳಿಯ ಬದಲು ನೀರೇ ಹೋಗುತ್ತದೆ. ಓರೆ ಕತ್ತರಿಸಿದರೆ ದಂಟು ತಂಬಿಗೆಯ ತಳಕ್ಕೆ ಅಂಟಿ ಬಾಯಿ ಮುಚ್ಚುವುದಿಲ್ಲ.

4. ನೀರಿನಲ್ಲಿ ಮುಳುಗುವ ಎಲೆ, ಮುಳ್ಳು ಎಲ್ಲಾ ತೆಗೆಯಿರಿ. ಮೇಲೆ ಎರಡು ಮೂರು ಎಲೆ ಸಾಕು. ಎಲೆ ಹೆಚ್ಚಿದ್ದಷ್ಟೂ ನೀರಿನ ಖರ್ಚು ಹೆಚ್ಚು.

5. ಆಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ, ಕತ್ತಲೆ ತಂಪು ಕೋಣೆಯಲ್ಲಿ ಎರಡು ಮೂರು ತಾಸು ಬಿಡಿ. ಬೆಚ್ಚಗಿನ ನೀರು ದಂಟಿನಲ್ಲಿ ಸಲೀಸಾಗಿ ಏರುತ್ತದೆ. ಹೊಸ ಸೊಸೆಯನ್ನು ಬಂದ ದಿನವೇ ಕೆಲಸಕ್ಕೆ ಹಚ್ಚಬಾರದು ಅನ್ನುತ್ತಾರಲ್ಲ, ಹೂವಿಗೂ ಅಷ್ಟು ಸುಧಾರಿಸಿಕೊಳ್ಳಲು ಬಿಡಬೇಕು. ಆಮೇಲೆ ತಂಬಿಗೆಯಲ್ಲಿ ಜೋಡಿಸಿ.

ಒಂದು ತಪ್ಪು ಪದ್ಧತಿ ಹೇಳುತ್ತೇನೆ. ಗಟ್ಟಿ ದಂಟಿನ ತುದಿಯನ್ನು ಕಲ್ಲಿನಿಂದ ಜಜ್ಜಿದರೆ ನೀರು ಚೆನ್ನಾಗಿ ಹೀರುತ್ತದೆ ಎಂದು ಕೆಲವರು ಹೇಳುತ್ತಾರೆ. ನಾನೂ ಜಜ್ಜಿದೆ. ಜಜ್ಜಿದ ಕಡೆ ಕೊಳವೆ ಒಡೆದು ಬೇಗ ಕೊಳೆಯುತ್ತದೆ. ಚೂಪಾಗಿ ಕತ್ತರಿಸುವುದೇ ಸರಿ.

ನೀರು: ನಮ್ಮ ಕಡೆಯ ದೊಡ್ಡ ಸಮಸ್ಯೆ

ಬೇರೆ ಸೀಮೆಯವರು ಬರೆದ ಪುಸ್ತಕದಲ್ಲಿ “ಶುದ್ಧ ನೀರು ಹಾಕಿ” ಎಂದು ಒಂದು ಸಾಲು ಇರುತ್ತದೆ. ನಮ್ಮಲ್ಲಿ ಆ ಒಂದು ಸಾಲಿನಲ್ಲೇ ಎಲ್ಲಾ ಇದೆ. ಕೂಡ್ಲಿಗಿ ಸುತ್ತಮುತ್ತ ಬೋರಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚು ಎಂಬುದು ಎಲ್ಲರಿಗೂ ಗೊತ್ತು. ಹಲ್ಲು ಕಂದು ಬಣ್ಣವಾದವರು, ಕೀಲು ಹಿಡಿದವರು ಊರೂರಲ್ಲಿ ಇದ್ದಾರೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ನೀರು ಇಲ್ಲದಿದ್ದರೆ 1.5 ತನಕ ನಡೆಯುತ್ತದೆ ಎಂದು ಲೆಕ್ಕ. ಹೂವಿಗೂ ಫ್ಲೋರೈಡ್ ವಿಷವೇ ಎಂದು ನನಗೆ ಗೊತ್ತಿರಲಿಲ್ಲ.

ಮಗ ಒಮ್ಮೆ ಹೊಸಪೇಟೆಯಿಂದ ಅಜ್ಜಿಗೆ ಎಂದು ಗ್ಲಾಡಿಯೋಲಸ್ ಕಡ್ಡಿ ಆರು ತಂದ. ಬೋರಿನ ನೀರಿನಲ್ಲಿ ಇಟ್ಟೆವು. ಮೂರನೇ ದಿನಕ್ಕೆ ದಳದ ಅಂಚು, ಎಲೆಯ ತುದಿ ಸುಟ್ಟ ಹಾಗಾದವು. ಹಳೆಯ ಹೂವು ಕೊಟ್ಟಿದ್ದಾರೆ ಎಂದು ಮಾರಿದವನನ್ನು ಬೈದೆವು. ಆಮೇಲೆ ತಿಳಿಯಿತು, ಗ್ಲಾಡಿಯೋಲಸ್, ಜರ್ಬೆರಾ ಇವಕ್ಕೆ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇದ್ದರೂ ತಾಗುತ್ತದೆ. ತಪ್ಪು ಮಾರಿದವನದಲ್ಲ, ನಮ್ಮ ನೀರಿನದು.

ಇನ್ನೊಂದು, ಬೋರಿನ ನೀರು ಗಡಸು, ಸವುಳು. ಇಂಥ ನೀರು ದಂಟಿನಲ್ಲಿ ನಿಧಾನಕ್ಕೆ ಏರುತ್ತದೆ. ಸ್ವಲ್ಪ ಹುಳಿ ಇರುವ ನೀರು ಬೇಗ ಏರುತ್ತದೆ, ಅದರಲ್ಲಿ ಸೂಕ್ಷ್ಮಜೀವಿಯೂ ನಿಧಾನಕ್ಕೆ ಬೆಳೆಯುತ್ತವೆ. ಅದಕ್ಕೇ ನಿಂಬೆಹುಳಿ. ಆದರೆ ಒಂದು ಮಾತು ನೆನಪಿಡಿ. ಕಾಯಿಸಿದರೆ, ಸೋಸಿದರೆ, ನಿಂಬೆ ಹಿಂಡಿದರೆ ಫ್ಲೋರೈಡ್ ಹೋಗುವುದಿಲ್ಲ. ಅದಕ್ಕೆ ಮಳೆನೀರೇ ಮದ್ದು. ಮಾಳಿಗೆಯಿಂದ ಸುರಿಯುವ ನೀರಿನ ಕೆಳಗೆ ನಾವು ಒಂದು ಡ್ರಮ್ಮು ಇಟ್ಟಿದ್ದೇವೆ. ಮೊದಲ ಮಳೆಯ ನೀರು ಬಿಟ್ಟು ಮುಂದಿನದನ್ನು ಬಟ್ಟೆಯಲ್ಲಿ ಸೋಸಿ ತುಂಬಿ ಮುಚ್ಚಿಡುತ್ತೇವೆ. ಹೂವಿಗೆ ಬೇಕಾಗುವುದು ದಿನಕ್ಕೆ ಒಂದು ಲೀಟರ್, ಒಂದು ಡ್ರಮ್ಮು ಬಹಳ ತಿಂಗಳು ಬರುತ್ತದೆ. ಫ್ಲೋರೈಡ್ ತೆಗೆಯುವ ಊರ ಘಟಕದ ನೀರೂ ಆಗುತ್ತದೆ, ಆದರೆ ಅದು ಮೊದಲು ಮನುಷ್ಯರಿಗೆ.

ನಾನು ಮಾಡಿ ನೋಡಿದ್ದು ಹೀಗೆ. ಒಂದೇ ಮಡಿಯ ಆಸ್ಟರ್ ಹೂವು, ಒಂದೇ ದಿನ ಕೊಯ್ದದ್ದು, ಮೂರು ಗಾಜಿನ ಬಾಟಲಿಗೆ ಹತ್ತತ್ತು ಕಡ್ಡಿ. ಬರೀ ಬೋರಿನ ನೀರಿನವು ನಾಲ್ಕನೇ ದಿನ ಬಾಡಿದವು. ಮಳೆನೀರಿನವು ಆರು ದಿನ ನಿಂತವು. ಮಳೆನೀರಿಗೆ ನಿಂಬೆ, ಸಕ್ಕರೆ ಸೇರಿಸಿದ್ದು ಎಂಟು ದಿನ ಬಂತು. ಎರಡು ಸಲ ಮಾಡಿದೆ, ಹೆಚ್ಚುಕಡಿಮೆ ಅಷ್ಟೇ. ನಿಮ್ಮಲ್ಲಿ ಲೆಕ್ಕ ಬೇರೆ ಬರಬಹುದು, ಮಾಡಿ ನೋಡಿ.

ಹೂವಿನ ನೀರಿನ ಪಾಕ

ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಸಕ್ಕರೆ, ಎರಡು ಟೀ ಚಮಚ ನಿಂಬೆರಸ, ಬಟ್ಟೆ ಬಿಳುಪು ಮಾಡುವ ಬ್ಲೀಚ್ ದ್ರಾವಣ ನಾಲ್ಕೈದು ಹನಿ. ಸಕ್ಕರೆ ಹೂವಿಗೆ ಊಟ, ನಿಂಬೆ ಹುಳಿಗೆ, ಬ್ಲೀಚ್ ಸೂಕ್ಷ್ಮಜೀವಿಗೆ. ಸಕ್ಕರೆ ಒಂದನ್ನೇ ಹಾಕಬೇಡಿ, ಅದು ಹೂವಿಗಿಂತ ಮೊದಲು ಸೂಕ್ಷ್ಮಜೀವಿಗೆ ಹಬ್ಬದೂಟ ಆಗುತ್ತದೆ. ಬ್ಲೀಚ್ ಹಾಗೂ ನಿಂಬೆರಸ ನೇರವಾಗಿ ಕೂಡಿಸಬೇಡಿ, ಕೆಟ್ಟ ಗಾಳಿ ಏಳುತ್ತದೆ. ಒಂದು ಲೀಟರ್ ನೀರಲ್ಲಿ ಮೊದಲು ಸಕ್ಕರೆ, ನಿಂಬೆ ಕಲಸಿ, ಕೊನೆಗೆ ಆ ಹನಿ ಬಿಡಿ. ಬ್ಲೀಚ್ ಇಲ್ಲದಿದ್ದರೆ ಸಕ್ಕರೆಯನ್ನೂ ಬಿಡಿ, ನಿಂಬೆ ಒಂದೇ ಹಾಕಿ ದಿನಾ ನೀರು ಬದಲಿಸಿ. ಪಾಕ ಹಾಕಿದ್ದರೂ ಎರಡು ದಿನಕ್ಕೊಮ್ಮೆ ನೀರು ಬದಲಿಸಿ, ದಂಟಿನ ತುದಿ ಅರ್ಧ ಅಂಗುಲ ಮತ್ತೆ ಕತ್ತರಿಸಿ.

ಯಾವ ಪಾತ್ರೆ, ಯಾವ ಜಾಗ?

ಗಾಜು, ಸ್ಟೀಲು, ಮಣ್ಣಿನದು ಯಾವುದಾದರೂ ಸರಿ. ತಾಮ್ರ, ಹಿತ್ತಾಳೆ ತಂಬಿಗೆಯಲ್ಲಿ ನಿಂಬೆಹುಳಿ ಬೇಡ, ಹುಳಿಗೆ ಲೋಹ ಬಿಡುತ್ತದೆ. ನಮ್ಮ ಒಣಹವೆಗೆ ಮಣ್ಣಿನ ಮಗಿ ಬಹಳ ಒಳ್ಳೆಯದು. ನೀರು ಮಣ್ಣಿನೊಳಗಿಂದ ಜಿನುಗಿ ಆವಿಯಾಗುವುದರಿಂದ ಒಳಗಿನ ನೀರು ತಣ್ಣಗಿರುತ್ತದೆ. ಆದರೆ ಮಣ್ಣಿನ ಸಣ್ಣ ತೂತುಗಳಲ್ಲಿ ಕೊಳೆ ಕೂತಿರುತ್ತದೆ, ಪ್ರತಿ ಸಲ ಕುದಿಯುವ ನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಬೇಕು. ಹಾಲಿನ ಪಾತ್ರೆ ತೊಳೆದ ಹಾಗೆ ತೊಳೆಯಿರಿ ಎಂದರೆ ಹೆಣ್ಣುಮಕ್ಕಳಿಗೆ ತಿಳಿಯುತ್ತದೆ.

ಜಾಗ ಎಂದರೆ ಕಿಟಕಿಯ ಬಿಸಿಲು ಬೇಡ, ಫ್ಯಾನಿನ ಕೆಳಗೆ ಬೇಡ, ಟಿವಿ ಮೇಲೆ ಬೇಡ, ಒಲೆ ಹತ್ತಿರ ಬೇಡ, ಹಣ್ಣಿನ ಹತ್ತಿರ ಬೇಡ. ಪಡಸಾಲೆಯ ನೆರಳು ಮೂಲೆ ಒಳ್ಳೆಯದು. ರಾತ್ರಿ ಎಲ್ಲರೂ ಮಲಗಿದ ಮೇಲೆ ಎತ್ತಿ ನೀರಿನ ಕೊಡಗಳ ಹತ್ತಿರ ನೆಲದ ಮೇಲೆ ಇಟ್ಟರೆ ಇನ್ನೂ ಒಂದು ದಿನ ಹೆಚ್ಚು ಬಾಳುತ್ತವೆ.

ಒಂದೊಂದು ಹೂವಿಗೆ ಒಂದೊಂದು ಹದ

ಸುಗಂಧರಾಜ: ಕಡ್ಡಿಯ ಕೆಳಗಿನ ಎರಡು ಮೂರು ಹೂವು ಅರಳಿದಾಗ ಕೊಯ್ಯಬೇಕು. ಮೇಲಿನ ಮೊಗ್ಗು ತಂಬಿಗೆಯಲ್ಲಿ ಒಂದೊಂದಾಗಿ ಬಿರಿಯುತ್ತವೆ. ಬಾಡಿದ ಕೆಳಗಿನ ಹೂವನ್ನು ದಿನಾ ಕೀಳಬೇಕು. ಒಂಟಿ ಸುತ್ತಿನ ಹೂವಿಗೆ ವಾಸನೆ ಹೆಚ್ಚು. ಬೆಂಗಳೂರು ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ಶೃಂಗಾರ್, ಪ್ರಜ್ವಲ್ ತಳಿಗಳು ನಮ್ಮ ಬಿಸಿಲಿಗೂ ಬರುತ್ತವೆ. ರೋಗಿ ಮಲಗಿದ ಸಣ್ಣ ಕೋಣೆಯಲ್ಲಿ ಒಂದೇ ಕಡ್ಡಿ ಸಾಕು, ವಾಸನೆ ಹೆಚ್ಚಾದರೆ ತಲೆ ಹಿಡಿಯುತ್ತದೆ.

ಗುಲಾಬಿ: ಮೊಗ್ಗು ಸಡಿಲಾಗಿ ಹೊರಗಿನ ಒಂದೆರಡು ದಳ ಬಿಚ್ಚುವಾಗ ಕೊಯ್ಯಿರಿ. ಗಟ್ಟಿ ಮೊಗ್ಗು ಕೊಯ್ದರೆ ಅರಳದೆ ಕುತ್ತಿಗೆ ಬಾಗುತ್ತದೆ. ಬಾಗಿದ್ದಕ್ಕೂ ಮದ್ದಿದೆ. ತುದಿಯನ್ನು ನೀರೊಳಗೆ ಕತ್ತರಿಸಿ, ಹೂವು ನೆಟ್ಟಗೆ ನಿಲ್ಲುವ ಹಾಗೆ ಹಳೇ ಪೇಪರಿನಲ್ಲಿ ಸುತ್ತಿ, ಬೆಚ್ಚಗಿನ ನೀರಿನಲ್ಲಿ ಕುತ್ತಿಗೆವರೆಗೆ ಒಂದೆರಡು ತಾಸು ಇಡಿ. ಬಹಳ ಸಲ ಎದ್ದು ನಿಲ್ಲುತ್ತದೆ. ಗಿಡದ ಮೇಲೆ ಐದೆಲೆಯ ಎರಡು ಗರಿ ಬಿಟ್ಟು ಕೊಯ್ದರೆ ಮುಂದಿನ ಹೂವಿಗೆ ಗಿಡ ಸೋಲುವುದಿಲ್ಲ.

ಸೇವಂತಿಗೆ: ಪೂರ್ತಿ ಅರಳಿದ ಮೇಲೆ ಕೊಯ್ಯಬೇಕು. ಬುಡದ ಕಟ್ಟಿಗೆಯಂಥ ಭಾಗ ನೀರು ಹೀರುವುದಿಲ್ಲ, ಸ್ವಲ್ಪ ಮೇಲೆ, ಹಸಿರು ದಂಟಿನಲ್ಲಿ ಕತ್ತರಿಸಿ. ಹೂವಿಗಿಂತ ಮೊದಲು ಎಲೆ ಬಾಡುತ್ತದೆ, ಅದಕ್ಕೆ ಎಲೆ ಬಹುಪಾಲು ತೆಗೆಯಿರಿ. ನೋಡಿಕೊಂಡರೆ ಹತ್ತು ದಿನಕ್ಕೂ ಬರುತ್ತದೆ.

ಗ್ಲಾಡಿಯೋಲಸ್: ಕೆಳಗಿನ ಒಂದೆರಡು ಮೊಗ್ಗು ಬಣ್ಣ ತೋರಿದಾಗ. ತರುವಾಗ ನೆಟ್ಟಗೆ ನಿಲ್ಲಿಸಿ ತರಬೇಕು, ಮಲಗಿಸಿದರೆ ತುದಿ ಮೇಲಕ್ಕೆ ಡೊಂಕಾಗುತ್ತದೆ. ಮಳೆನೀರು ಬೇಕೇ ಬೇಕು.

ಸೂರ್ಯಕಾಂತಿ: ನಮ್ಮ ಹೊಲದ ಹೂವು. ಹಳದಿ ದಳ ಏಳಲು ಶುರುವಾದಾಗ ಕೊಯ್ದರೆ ವಾರ ಬರುತ್ತದೆ. ಕಾಳಿನ ತಳಿಯ ತಲೆ ಭಾರ, ಅಂಚಿನ ಸಾಲಿನ ಸಣ್ಣ ಹೂವು ಆರಿಸಿಕೊಳ್ಳಿ. ನೀರು ಬಹಳ ಕುಡಿಯುತ್ತದೆ, ಬೆಳಿಗ್ಗೆ ಸಂಜೆ ನೋಡಬೇಕು. ಅವ್ವನಿಗೆ ಇದನ್ನು ತಂದಿಟ್ಟ ದಿನ, “ಈ ಸಲ ಕಾಳು ಕಟ್ಟೈತಿ ಹಂಗಾದ್ರ” ಅಂದಳು. ಹೊಲ ಹ್ಯಾಂಗಿದೆ ಎಂಬುದನ್ನು ಆಕೆ ಹೂವು ನೋಡಿ ತಿಳಿದುಕೊಂಡಳು.

ಬಿಡಿ ಹೂವು: ಮಲ್ಲಿಗೆ, ಕನಕಾಂಬರ

ಇವಕ್ಕೆ ದಂಟಿಲ್ಲ, ತಂಬಿಗೆ ನಡೆಯುವುದಿಲ್ಲ. ಇವು ಒಳಗಿನ ನೀರಿನಲ್ಲೇ ಬದುಕಬೇಕು. ಅದಕ್ಕೇ ಇಲ್ಲಿ ಮಾಡಬೇಕಾದದ್ದು ಆ ನೀರು ಹಾರದಂತೆ ನೋಡಿಕೊಳ್ಳುವುದು.

ಮಲ್ಲಿಗೆಯನ್ನು ಬೆಳಗಿನ ಜಾವ, ಮೊಗ್ಗು ಬೆಳ್ಳಗೆ ತುಂಬಿ ಇನ್ನೂ ಬಿರಿಯದಿದ್ದಾಗ ಬಿಡಿಸಬೇಕು. ಅದು ತಾನಾಗಿ ಬಿರಿಯುವುದು ಸಂಜೆಗೆ. ಬಿಡಿಸಿದ ಮೇಲೆ ನೀರಲ್ಲಿ ತೊಳೆಯಬೇಡಿ, ಮೊಗ್ಗಿನ ಸಂದಿಯಲ್ಲಿ ನೀರು ನಿಂತರೆ ಕಂದು ಬಣ್ಣಕ್ಕೆ ತಿರುಗುತ್ತದೆ. ಹಿಂಡಿದ ಒದ್ದೆ ಬಟ್ಟೆಯ ಮೇಲೆ ತೆಳ್ಳಗೆ ಹರಡಿ, ಬಾಳೆ ಎಲೆಯಲ್ಲಿ ಸಡಿಲಾಗಿ ಮಡಿಚಿ ತಂಪಿನಲ್ಲಿ ಇಡಿ. ತಂಪು ಇದ್ದಷ್ಟೂ ಬಿರಿಯುವುದು ತಡವಾಗುತ್ತದೆ. ದಾರಕ್ಕಿಂತ ನೆನೆಸಿದ ಬಾಳೆನಾರಿನಲ್ಲಿ ಕಟ್ಟಿದ್ದು ಹೆಚ್ಚು ಹೊತ್ತು ತಾಜಾ ಇರುತ್ತದೆ. ಉಡುಪಿ ಕಡೆಯವರು ಮಲ್ಲಿಗೆಯನ್ನು ಬಾಳೆನಾರಿನಲ್ಲೇ ಕಟ್ಟಿ ಚೆಂಡು, ಅಟ್ಟೆ ಲೆಕ್ಕದಲ್ಲಿ ಮಾರುತ್ತಾರೆ. ನಮ್ಮದು ಮೊಳ, ಮಾರು.

ಕನಕಾಂಬರದ ತೆನೆಯಲ್ಲಿ ಹೂವು ಕೆಳಗಿಂದ ಮೇಲಕ್ಕೆ ಸರದಿಯಲ್ಲಿ ಬಿಡುತ್ತವೆ. ದಿನ ಬಿಟ್ಟು ದಿನ ಬಿಡಿಸಿದರೆ ಸಾಕು. ಇದಕ್ಕೂ ನೀರು ಚಿಮುಕಿಸಬಾರದು, ಕಪ್ಪಾಗುತ್ತದೆ. ವಾಸನೆ ಇಲ್ಲ ಎಂಬುದು ಬಿಟ್ಟರೆ ಬಡವರ ಮನೆಗೆ ಇದರಷ್ಟು ಬಾಳಿಕೆಯ ಹೂವು ಬೇರೆ ಇಲ್ಲ.

ಫ್ರಿಜ್ ಇಲ್ಲದವರಿಗೆ ಒಂದು ಉಪಾಯ. ದೊಡ್ಡ ಮಡಕೆಯೊಳಗೆ ಸಣ್ಣ ಮಡಕೆ ಇಟ್ಟು ಮಧ್ಯದ ಸಂದಿಗೆ ಮರಳು ತುಂಬಿ. ಬೆಳಿಗ್ಗೆ ಸಂಜೆ ಮರಳಿಗೆ ನೀರು ಹನಿಸಿ, ಬಾಯಿಗೆ ಒದ್ದೆ ಗೋಣಿ ಮುಚ್ಚಿ. ಬೇಸಿಗೆಯ ಒಣಗಾಳಿಯಲ್ಲಿ ಒಳಗೆ ಚೆನ್ನಾಗಿ ತಂಪಾಗುತ್ತದೆ. ಮಳೆಗಾಲದ ತೇವದ ಗಾಳಿಯಲ್ಲಿ ಅಷ್ಟು ತಂಪು ಬರುವುದಿಲ್ಲ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು ಇದೇ ತತ್ವದ ಮೇಲೆ ಎರಡು ಸುತ್ತು ಇಟ್ಟಿಗೆ ಗೋಡೆ, ನಡುವೆ ಒದ್ದೆ ಮರಳಿನ ತಂಪುಕೋಣೆ ಮಾಡಿ ತೋರಿಸಿದ್ದಾರೆ. ಹೂವು ಮಾರುವವರಿಗೆ, ತರಕಾರಿಯವರಿಗೆ ಅದು ಉಪಯೋಗ. ಮನೆಗೆ ಎರಡು ಮಡಕೆ ಸಾಕು.

ನೀರು ಬೇಡದ ಹೂವು

ಬರಗಾಲದ ವರ್ಷ ಹಿತ್ತಲಲ್ಲಿ ಏನೂ ಇರುವುದಿಲ್ಲ. ಆಗ ಹೊಲಕ್ಕೆ ಹೋಗಿ. ಸಜ್ಜೆ, ನವಣೆ ಹೊಲದಲ್ಲಿ ಕಳೆಯಾಗಿ ಬೆಳೆಯುವ ಅಣ್ಣೆ ಹೂವು ನಾವು ಕಿತ್ತು ಬದುವಿಗೆ ಎಸೆಯುತ್ತೇವೆ. ದೀಪಾವಳಿಗೆ ಹಟ್ಟೆವ್ವನಿಗೆ ಏರಿಸುವುದು ಇದೇ ಹೂವು, ಜತೆಗೆ ಚೆಂಡುಹೂವು, ತಂಗಡಿ ಹೂವು, ಉತ್ತರಾಣಿ. ಅಣ್ಣೆ ಹೂವನ್ನು ಬಲಿತಾಗ ಕೊಯ್ದು, ಎಲೆ ಬಿಡಿಸಿ, ಹಿಡಿಯಷ್ಟು ಕಟ್ಟಿ, ತಲೆಕೆಳಗಾಗಿ ಕತ್ತಲೆ ಕೋಣೆಯ ಜಂತಿಗೆ ನೇತುಹಾಕಿ. ಎರಡು ವಾರದಲ್ಲಿ ಒಣಗುತ್ತದೆ, ಆಕಾರ ಕೆಡುವುದಿಲ್ಲ. ತಲೆಕೆಳಗೆ ಹಾಕುವುದು ದಂಟು ನೆಟ್ಟಗಿರಲಿ ಎಂದು, ಕತ್ತಲೆ ಬಣ್ಣ ಉಳಿಯಲಿ ಎಂದು. ನವಣೆ ತೆನೆ, ಸಜ್ಜೆ ತೆನೆಯನ್ನೂ ಸ್ವಲ್ಪ ಹಸಿರಿದ್ದಾಗಲೇ ಹೀಗೆ ಒಣಗಿಸಿ, ಪೂರ್ತಿ ಬಲಿತರೆ ಕಾಳು ಉದುರುತ್ತದೆ. ಒಂದು ಮಗಿಯಲ್ಲಿ ನೀರಿಲ್ಲದೆ ನಿಲ್ಲಿಸಿದರೆ ವರ್ಷ ಇರುತ್ತದೆ. ಇಲಿ, ಗುಬ್ಬಿ ನೋಡಿಕೊಳ್ಳಬೇಕು ಅಷ್ಟೇ.

ಎಚ್ಚರಿಕೆ

ಕಣಗಲೆ ಹೂವು ಚೆಂದ, ಆದರೆ ಗಿಡವೆಲ್ಲಾ ವಿಷ. ಅದನ್ನಿಟ್ಟ ತಂಬಿಗೆಯ ನೀರೂ ವಿಷವೇ. ಚಿಕ್ಕ ಮಕ್ಕಳಿರುವ ಮನೆಯೊಳಗೆ ಬೇಡ. ಆ ನೀರು ದನದ ಬಾನಿಗೆ, ಕೋಳಿ ಕುಡಿಯುವ ಕಡೆ ಚೆಲ್ಲಬೇಡಿ. ಪೇಟೆಯಿಂದ ಕೊಂಡ ಹೂವಿಗೆ ಔಷಧಿ ಹೊಡೆದಿರುತ್ತಾರೆ, ಮುಟ್ಟಿದ ಮೇಲೆ ಕೈ ತೊಳೆಯಿರಿ. ರೋಗಿಯ ಹತ್ತಿರ ಇಟ್ಟ ಹೂವಿನ ನೀರು ದಿನಾ ಬದಲಿಸಿ, ನಾತ ಬರುವವರೆಗೆ ಕಾಯಬೇಡಿ.

ಖರ್ಚಿನ ಮಾತು

ಕೊಟ್ಟೂರೇಶ್ವರನ ರಥೋತ್ಸವ, ಮೈಲಾರದ ಜಾತ್ರೆ, ದಸರಾ, ದೀಪಾವಳಿ ಬಂದರೆ ಹೂವಿನ ದರ ಏರುತ್ತದೆ. ಮುಂಚಿನ ದಿನದ ಬೆಳಿಗ್ಗೆ ಕೊಂಡು ಅಥವಾ ಕೊಯ್ದು ಎರಡು ಮಡಕೆಯ ತಂಪಿನಲ್ಲಿ ಇಟ್ಟುಕೊಂಡರೆ ಹಬ್ಬದ ದಿನದ ದರ ತಪ್ಪುತ್ತದೆ. ಹತ್ತು ಕಡ್ಡಿ ಹೂವು ನಾಲ್ಕು ದಿನದ ಬದಲು ಎಂಟು ದಿನ ಬಂದರೆ, ಗಿಡದಿಂದ ಅರ್ಧ ಕೊಯ್ದರೆ ಸಾಕು. ನಮ್ಮ ವರ್ಷದ ಮಳೆ 600 ಮಿ.ಮೀ. ಆಸುಪಾಸು. ಗಿಡಕ್ಕೆ ಹಾಕಿದ ಒಂದೊಂದು ಕೊಡ ನೀರಿಗೂ ಬೆಲೆಯಿದೆ. ಕೊಯ್ದ ಹೂವನ್ನು ಹಾಳುಮಾಡಿದರೆ ಆ ನೀರನ್ನೂ ಹಾಳುಮಾಡಿದಂತೆ.

ಕೊನೆಯ ಮಾತು

ಅವ್ವ 2020ರ ಬೇಸಿಗೆಯಲ್ಲಿ ಹೋದಳು. ಊರೆಲ್ಲಾ ಬಾಗಿಲು ಹಾಕಿದ್ದ ದಿನಗಳು ಅವು, ಸಂತೆ ಇಲ್ಲ, ಬಸ್ಸಿಲ್ಲ, ಪೇಟೆಯಲ್ಲಿ ಹೂವಿಲ್ಲ. ಹೂವು ಬೆಳೆದವರು ಕೊಳ್ಳುವವರಿಲ್ಲದೆ ಗಿಡದಲ್ಲೇ ಬಿಟ್ಟಿದ್ದರು. ಆಕೆಗೆ ಏರಿಸಿದ್ದು ನಮ್ಮ ಹಿತ್ತಲ ಮಲ್ಲಿಗೆ, ಬೆಳಗಿನ ಜಾವ ನಾನೇ ಬಿಡಿಸಿದ್ದು. ಮಣ್ಣು ಮಾಡುವಾಗ ಸಂಜೆಯಾಗಿತ್ತು, ಹೂವು ಆಗ ತಾನೇ ಬಿರಿಯುತ್ತಿದ್ದವು.

ಈಗ ಆ ಕೋಣೆಯಲ್ಲಿ ಮೊಮ್ಮಗಳು ಓದುತ್ತಾಳೆ. ಮೇಜಿನ ಮೇಲೆ ಅದೇ ಮಗಿ. ನೀರು ಬದಲಿಸುವುದು ಆಕೆಯ ಕೆಲಸ. ಮರೆತರೆ ನಾನು, “ಮೇವು ಇಟ್ಟೀಯೇನವ್ವಾ?” ಅನ್ನುತ್ತೇನೆ.

ಹಡಗಲಿ ಕಡೆಯ ಮಲ್ಲಿಗೆ ಬೆಳೆಗಾರರಿಗೆ ನನಗಿಂತ ಹೆಚ್ಚು ಗೊತ್ತಿರುತ್ತದೆ. ಮೊಗ್ಗನ್ನು ಬಸ್ಸಿನಲ್ಲಿ ದೂರದ ಊರಿಗೆ ಕಳಿಸುವಾಗ ಅವರು ಏನು ಮಾಡುತ್ತಾರೆ, ಬೋರಿನ ನೀರಿನಲ್ಲಿ ಬೇರೆ ಬೇರೆ ಹೂವು ಎಷ್ಟು ದಿನ ಬರುತ್ತವೆ ಎಂಬುದನ್ನು ಮಾಡಿ ನೋಡಿದವರು ಪತ್ರಿಕೆಗೆ ಬರೆಯಲಿ. ಎಲ್ಲರ ಅನುಭವ ಸೇರಿದರೆ ನಮ್ಮ ಸೀಮೆಗೆ ಒಪ್ಪುವ ಪದ್ಧತಿ ನಾವೇ ಮಾಡಿಕೊಳ್ಳಬಹುದು.